ಸ್ಯಾನ್ ಹೊಸೆಯ ಬೇಸ್‌ಬಾಲ್ ಮತ್ತು ಗಾಯಗಳ ಚರಿತ್ರೆ

ಸ್ಯಾನ್ ಹೊಸೆಯ ಮುನಿಸಿಪಲ್ ಸ್ಟೇಡಿಯಂ 1942ರಷ್ಟು ಹಳೆಯದು. 1988ರಿಂದ ಅಲ್ಲಿ ಆಡುತ್ತಿರುವ ಸ್ಯಾನ್ ಹೊಸೆ ಜೈಂಟ್ಸ್, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಆಟಗಾರರನ್ನು ಸಜ್ಜುಗೊಳಿಸುವ ಮೈನರ್ ಲೀಗ್ ತಂಡ. ಮೇಲೇರಬೇಕಾದ ಎಳೆಯರು ಇಲ್ಲಿ ಪಳಗುತ್ತಾರೆ. ಗಾಯದಿಂದ ಚೇತರಿಸಿಕೊಂಡ ಹೆಸರಾಂತರೂ ದೊಡ್ಡ ಲೀಗಿಗೆ ಮರಳುವ ಮುನ್ನ ಕೆಲವು ಪಂದ್ಯ ಇದೇ ತಂಡದಲ್ಲಿ ಆಡಿ ಮೈಯನ್ನು ಪರೀಕ್ಷಿಸಿಕೊಳ್ಳುತ್ತಾರೆ.

ಗಾಯದ ಭಾರ ಹೆಚ್ಚಾಗಿ ಬೀಳುವುದು ಚೆಂಡೆಸೆಯುವ ಪಿಚರ್ ಮೇಲೆ. ಕ್ರಿಕೆಟ್ಟಿನ ವೇಗದ ಬೌಲರ್ ಓಡಿಬಂದು, ತೋಳು ಚಾಚಿ ಎಸೆಯುವುದರಿಂದ ಬೆನ್ನು, ಮಂಡಿ ಸವೆಯುತ್ತವೆ. ಪಿಚರ್‌ಗೆ ಓಟವಿಲ್ಲ, ಮಡಿಸಿದ ಮೊಣಕೈಯನ್ನು ಒಮ್ಮೆಲೇ ಬಿಡಿಸಿ ಎಸೆಯುವಾಗ ಅದರ ಒಳಬದಿಯ ಲಿಗಮೆಂಟೂ ಭುಜವೂ ಜಗ್ಗುತ್ತವೆ. 1974ರವರೆಗೆ ಆ ಲಿಗಮೆಂಟ್ ಹರಿದರೆ ಆಟ ಬಹುಮಟ್ಟಿಗೆ ಮುಗಿದಂತೆಯೇ. ಆ ವರ್ಷ ಡಾ. ಫ್ರಾಂಕ್ ಜೋಬ್, ಪಿಚರ್ ಟಾಮಿ ಜಾನ್ ಅವರ ಬಲಗೈಯ ಸ್ನಾಯುರಜ್ಜುವನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. ಆಮೇಲೆ ಜಾನ್ ಗೆದ್ದ ಪಂದ್ಯಗಳು 164. ಭುಜಕ್ಕೆ, ಬೆನ್ನಿಗೆ ಅಷ್ಟು ನೆಚ್ಚಬಹುದಾದ ಮದ್ದು ಸಿಗಲಿಲ್ಲ.

ಸ್ಯಾನ್ ಹೊಸೆಯ ಓಕ್ ಗ್ರೋವ್ ಹೈಸ್ಕೂಲಿನಲ್ಲಿ ಓದಿದ ಡೇವ್ ಸ್ಟೀಬ್ ಟೊರಾಂಟೊ ಪರ 1980ರ ದಶಕದಲ್ಲಿ 140 ಪಂದ್ಯ ಗೆದ್ದವರು. 1990ರಲ್ಲಿ ಎದುರಾಳಿಗೆ ಒಂದೂ ಹಿಟ್ ಬಿಡದ ಪಂದ್ಯವನ್ನೂ ಎಸೆದರು. ಮರುವರ್ಷವೇ ಭುಜ ಮತ್ತು ಬೆನ್ನು ಕೈಕೊಟ್ಟವು. 1993ರಲ್ಲಿ ನಿಂತು, 1998ರಲ್ಲಿ ಮರಳಿದರೂ ಹಳೆಯ ಸ್ಟೀಬ್ ಬರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಪಿಚರ್ ಡೇವ್ ಡ್ರವೆಕಿ ಅವರದು ಎಲ್ಲಕ್ಕಿಂತ ಕಠೋರ ಪ್ರಕರಣ. ಎಸೆಯುವ ಎಡತೋಳಿನಲ್ಲಿ ಗೆಡ್ಡೆ ಕಾಣಿಸಿಕೊಂಡು, 1988ರ ಅಕ್ಟೋಬರ್‌ನಲ್ಲಿ ಭುಜದ ಡೆಲ್ಟಾಯ್ಡ್ ಸ್ನಾಯುವಿನ ಅರ್ಧದಷ್ಟನ್ನು ತೆಗೆದರು. ರೋಗ ಉಳಿಯದಿರಲೆಂದು ಮೂಳೆಯ ಒಂದು ಭಾಗವನ್ನು ಹೆಪ್ಪುಗಟ್ಟಿಸಿದರು. ಹಾಗೆ ಬಲಗುಂದಿದ ತೋಳಿನಲ್ಲೇ ಅವರು 1989ರ ಜುಲೈನಲ್ಲಿ ಸ್ಯಾನ್ ಹೊಸೆ ಜೈಂಟ್ಸ್ ಪರ ಎಸೆದು, ಆಗಸ್ಟ್ 10ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಿನ್ಸಿನಾಟಿಯನ್ನು 4-3ರಿಂದ ಮಣಿಸಿದರು. ಐದು ದಿನಗಳ ಬಳಿಕ ಮಾಂಟ್ರಿಯಲ್‌ನಲ್ಲಿ, ಆರನೇ ಇನಿಂಗ್ಸಿನಲ್ಲಿ, ಎಸೆಯುತ್ತಿದ್ದಂತೆಯೇ ತೋಳಿನ ಮೂಳೆ ಮುರಿಯಿತು. ಗೆಡ್ಡೆ ಮರುಕಳಿಸಿ 1991ರಲ್ಲಿ ತೋಳನ್ನೇ ಕತ್ತರಿಸಬೇಕಾಯಿತು. ಮರಳಿ ಆಡಿದ್ದು ಸಾಹಸವೋ ಆತುರವೋ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

2009ರಲ್ಲಿ ಸ್ಯಾನ್ ಹೊಸೆಯಲ್ಲಿ ಆಡಿದ ಕ್ಯಾಚರ್ ಬಸ್ಟರ್ ಪೋಸಿ ಅವರ ಗಾಯ ಮಾತ್ರ ಆಟದ ನಿಯಮವನ್ನೇ ಬದಲಿಸಿತು. 2011ರ ಮೇ 25ರಂದು ಹೋಮ್ ಪ್ಲೇಟಿನತ್ತ ನುಗ್ಗಿದ ಎದುರಾಳಿ ಆಟಗಾರ ಸ್ಕಾಟ್ ಕಸಿನ್ಸ್ ಡಿಕ್ಕಿ ಹೊಡೆದಾಗ ಪೋಸಿ ಅವರ ಕಾಲಿನ ಮೂಳೆ ಮುರಿಯಿತು, ಹಿಮ್ಮಡಿಯ ಗಂಟಿನ ಲಿಗಮೆಂಟ್‌ಗಳು ಹರಿದವು. ಮರುವರ್ಷವೇ ಪೋಸಿ ಲೀಗಿನ ಶ್ರೇಷ್ಠ ಆಟಗಾರರಾದರು. 2014ರಲ್ಲಿ ಅಂಥ ಡಿಕ್ಕಿಗಳಿಗೆ ಕಡಿವಾಣ ಬಿತ್ತು.

ನಿಧಾನದ ಸವೆತಕ್ಕೆ ಹಾಗೆ ನಿಯಮ ಮಾಡಲಾಗದು. ಸ್ಯಾನ್ ಹೊಸೆಯಿಂದಲೇ ಮೇಲೇರಿದ ಟಿಮ್ ಲಿನ್ಸಿಕಮ್ 2008, 2009ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದವರು. ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ 2016ರ ನಂತರ ದೊಡ್ಡ ಲೀಗಿನಲ್ಲಿ ಎಸೆಯಲಿಲ್ಲ. 2012ರಲ್ಲಿ ಒಬ್ಬ ಬ್ಯಾಟರ್ ಕೂಡ ಬೇಸ್ ತಲುಪದಂತೆ ಪಂದ್ಯ ಮುಗಿಸಿದ್ದ ಮ್ಯಾಟ್ ಕೇನ್, ಮೊಣಕೈ ಶಸ್ತ್ರಚಿಕಿತ್ಸೆಯ ಬಳಿಕ ಹಳೆಯ ಲಯ ಕಾಣದೆ 2017ರಲ್ಲಿ ನಿವೃತ್ತರಾದರು. 2018ರಲ್ಲಿ ಸೊಂಟಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಪೋಸಿ ಕೂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತನ್ನ ದಾಖಲೆಯ 107 ಪಂದ್ಯ ಗೆದ್ದ 2021ರ ಸೀಸನ್ ಮುಗಿಯುತ್ತಲೇ, ನೋವಿನೊಂದಿಗೆ ಆಡುವುದು ಸಾಕೆಂದು 34ರ ವಯಸ್ಸಿಗೆ ಆಟ ಬಿಟ್ಟರು.