ಗುಲಾಬಿಯ ಹಳೆಯ ಪೇಟೆ

ವಿಜಯನಗರವೆಂದರೆ ನಮಗೆ ಮುತ್ತುರತ್ನಗಳ ಬೀದಿಯೇ ನೆನಪು. 1443ರಲ್ಲಿ ಹಿರಾತಿನ ದೊರೆ ಷಾರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನ ಕಣ್ಣಿಗೆ ಗುಲಾಬಿಯೂ ಬಿತ್ತು. ಎಲ್ಲೆಲ್ಲೂ ಅದರ ಮಾರಾಟ. ಈ ಜನಕ್ಕೆ ಅನ್ನದಷ್ಟೇ ಅದೂ ಬೇಕು ಎಂದು ಬರೆದಿಟ್ಟಿದ್ದಾನೆ. ಬಾಡುವ ಹೂವು ದೂರದಿಂದ ಬಂದೀತೆ? ಪೇಟೆಯ ಸುತ್ತಲೇ ತೋಟಗಳಿದ್ದಿರಬೇಕು. ಅಂದಿನ ಅರಸರ ಕಾಲುವೆಗಳು ಹೊಸಪೇಟೆ, ಕಂಪ್ಲಿಗಳ ಕಡೆ ಇಂದೂ ಹರಿಯುತ್ತಿವೆ. ಆ ನೀರಿಗೆ ಈಗ ಕಬ್ಬು, ಬಾಳೆ, ಬತ್ತ.

ಕಮಲಾಪುರದ ಹತ್ತಿರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಎಕರೆ ಕಬ್ಬು ತೆಗೆದು ಗುಲಾಬಿ ನೆಟ್ಟಾಗ ಅವನ ಅಜ್ಜ ಮುನಿದರು: “ಹೂವು ಹೊಟ್ಟಿ ತುಂಬಿಸ್ತದೇನಪಾ?” ನ್ಯಾಯವಾದ ಪ್ರಶ್ನೆಯೇ. ಕಬ್ಬು ಹೊಲದಲ್ಲಿ ಹತ್ತು ದಿನ ಕಾದೀತು. ಹೂವನ್ನು ನಸುಕಿನಲ್ಲೇ ಬಿಡಿಸಿ ಅಂದೇ ಮಾರಬೇಕು. ರಜಾಕ ಕಂಡ ಪೇಟೆ 1565ರಲ್ಲಿ ಹಾಳಾಯಿತು. ಕೊಳ್ಳುವವರೇ ಹೋದ ಮೇಲೆ ತೋಟ ಯಾರಿಗಾಗಿ? ಹುಡುಗ ಹೊತ್ತು ಹುಟ್ಟುವ ಮುಂಚೆ ಬುಟ್ಟಿಯೊಡನೆ ಹೊಸಪೇಟೆಗೆ ಹೊರಡುತ್ತಾನೆ. ಉಳಿದ ಮೂರು ಎಕರೆಯಲ್ಲಿ ಅಜ್ಜನ ಕಬ್ಬು ಇನ್ನೂ ನಿಂತಿದೆ.