ಮುರಿಯೊನ ಗೋಡೆಗಳು

ಸ್ಪೇನಿನ ಸೆವಿಲ್ ನೋಡಲು ಹೋದವರೆಲ್ಲ ಕೆಥೆಡ್ರಲ್‌ನಿಂದ ಶುರುಮಾಡುತ್ತಾರೆ. ಅಷ್ಟು ದೊಡ್ಡದನ್ನು ತಪ್ಪಿಸಿಕೊಂಡು ಹೋಗುವುದೂ ಕಷ್ಟ. ಆದರೆ ಶಾಲೆಯಲ್ಲಿ ಚಿತ್ರ ಬರೆಯಲು ಕಲಿಸುತ್ತಲೇ ವಯಸ್ಸಾದ ನನ್ನನ್ನು ಕೇಳಿದರೆ, ಮೊದಲು ಕಾರಿದಾದ್ ಆಸ್ಪತ್ರೆಯ ಚರ್ಚಿಗೆ ಹೋಗಿ ಎನ್ನುತ್ತೇನೆ. ಒಂದು ಚಿತ್ರಕ್ಕೂ ಅದು ತೂಗುವ ಗೋಡೆಗೂ ಏನು ಸಂಬಂಧ ಎಂಬುದು ಅಲ್ಲಿ ಅರ್ಥವಾದಷ್ಟು ಚೆನ್ನಾಗಿ ನನಗೆ ಬೇರೆಲ್ಲೂ ಅರ್ಥವಾಗಿಲ್ಲ.

13ನೇ ಶತಮಾನದಲ್ಲಿ ಅರಸರ ಹಡಗುಗಳನ್ನು ಕಟ್ಟುತ್ತಿದ್ದ ಜಾಗದಲ್ಲಿ, ಗ್ವಾದಲ್ಕಿವಿರ್ ನದಿಗೆ ಹತ್ತಿರದಲ್ಲೇ ಈ ಆಸ್ಪತ್ರೆ ಇದೆ. ನೇಣಿಗೇರಿದವರ, ನದಿಯಲ್ಲಿ ಮುಳುಗಿ ಸತ್ತ ಅನಾಥರ ಹೆಣಗಳಿಗೆ ಮಣ್ಣು ಕೊಡುವುದು ಕಾರಿದಾದ್ ಸಂಘದ ಮೂಲ ಕೆಲಸ. 1649ರ ಪ್ಲೇಗು ಸೆವಿಲ್‌ನ ಸುಮಾರು ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡಿತ್ತು; ಇಂಥ ಸಂಘಕ್ಕೆ ಕೆಲಸ ಕಡಿಮೆಯಿರಲಿಲ್ಲ. ಮಿಗೆಲ್ ಮನ್ಯಾರಾ ಎಂಬ ಸಿರಿವಂತ 1661ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಮೇಲೆ ಈ ಸಂಘ ಸೇರಿದ, 1663ರಲ್ಲಿ ಅದರ ಹಿರಿಯನಾದ. ಸತ್ತವರ ಸೇವೆಗೆ ಬದುಕಿರುವವರ ಸೇವೆಯನ್ನೂ ಸೇರಿಸಿದ: ಬಡವರಿಗೆ ತಂಗುದಾಣ, ರೋಗಿಗಳಿಗೆ ಹಾಸಿಗೆ. ತನ್ನನ್ನು ಚರ್ಚಿನ ಹೊಸ್ತಿಲಲ್ಲೇ ಹೂಳಬೇಕು, ಬಂದವರೆಲ್ಲ ತುಳಿದುಕೊಂಡು ಒಳಗೆ ಹೋಗಬೇಕು ಎಂದು ಬರೆದಿಟ್ಟು ಸತ್ತ.

ಚರ್ಚಿನ ಗೋಡೆಗಳ ಮೇಲೆ ಏನಿರಬೇಕು ಎಂಬುದರಲ್ಲೂ ಮನ್ಯಾರಾನದು ಅಷ್ಟೇ ಖಚಿತ ನಿಲುವು. ಬಾಗಿಲ ಬಳಿ ವಾಲ್ದೆಸ್ ಲೆಯಾಲ್ ಬರೆದ ಎರಡು ಚಿತ್ರ; ಒಂದರಲ್ಲಿ ಅಸ್ಥಿಪಂಜರ ದೀಪ ನಂದಿಸುತ್ತಿದೆ, ಇನ್ನೊಂದರಲ್ಲಿ ಬಿಷಪ್ಪನ ಶವಕ್ಕೆ ಹುಳ ಹತ್ತಿದೆ. ಅವನ್ನು ದಾಟಿ ಮುಂದೆ ನಡೆದರೆ ಕ್ರೈಸ್ತರ ಏಳು ದಯಾಕಾರ್ಯಗಳಲ್ಲಿ ಆರನ್ನು ತೋರಿಸುವ, ಚಿತ್ರಕಾರ ಮುರಿಯೊನ ಆರು ಚಿತ್ರಗಳು: ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬತ್ತಲಿದ್ದವರಿಗೆ ಬಟ್ಟೆ, ದಾರಿಹೋಕರಿಗೆ ಸೂರು, ರೋಗಿಗಳಿಗೆ ಆರೈಕೆ, ಸೆರೆಯಲ್ಲಿದ್ದವರಿಗೆ ಬಿಡುಗಡೆ. ಏಳನೆಯದು, ಸತ್ತವರಿಗೆ ಮಣ್ಣು. ಅದು ಚಿತ್ರವಲ್ಲ, ಎದುರಿನ ಬಲಿಪೀಠದಲ್ಲಿ ಪೆದ್ರೊ ರೊಲ್ದಾನ್ ಕೆತ್ತಿದ ಕ್ರಿಸ್ತನ ಅಂತ್ಯಸಂಸ್ಕಾರ. ಮೊದಲು ಸಾವಿನ ಭಯ, ಆಮೇಲೆ ಮಾಡಬೇಕಾದ ಕೆಲಸ. ಮುರಿಯೊ ತಾನೂ 1665ರಿಂದ ಈ ಸಂಘದ ಸದಸ್ಯ. ಹೊರಗಿನಿಂದ ಬಂದು ಗುತ್ತಿಗೆ ಮುಗಿಸಿ ಹೋದ ಕಲಾವಿದನಲ್ಲ.

1810ರ ಫೆಬ್ರವರಿಯಲ್ಲಿ ನೆಪೋಲಿಯನ್ನನ ಸೈನ್ಯ ಸೆವಿಲ್ ಹೊಕ್ಕಿತು. ಚರ್ಚು, ಮಠಗಳಿಂದ ಕಿತ್ತು ತಂದ ಚಿತ್ರಗಳನ್ನು ಅಲ್ಕಾಸರ್ ಅರಮನೆಯಲ್ಲಿ ಗುಡ್ಡೆಹಾಕಿದರು. ಆಗಿನ ಪಟ್ಟಿಯಲ್ಲಿ 999 ಚಿತ್ರಗಳಿವೆ. ಮಾರ್ಷಲ್ ಸುಲ್ಟ್ ತನಗೆ ಬೇಕಾದ್ದನ್ನು ಆರಿಸಿಕೊಂಡು ಪ್ಯಾರಿಸ್ಸಿನ ಮನೆಗೆ ಸಾಗಿಸಿದ. ಕಾರಿದಾದ್‌ನಿಂದ ನಾಲ್ಕು ದಯಾಕಾರ್ಯಗಳು ಹೋದವು. ರೋಗಿ ಇಂದು ಲಂಡನ್ನಿನಲ್ಲಿದ್ದಾನೆ, ಬಟ್ಟೆ ಪಡೆದ ಮಗ ವಾಷಿಂಗ್ಟನ್ನಿನಲ್ಲಿ, ದೇವದೂತರನ್ನು ಮನೆಗೆ ಕರೆಯುವ ಅಬ್ರಹಾಂ ಒಟ್ಟಾವಾದಲ್ಲಿ, ಸೆರೆಯಿಂದ ಬಿಡುಗಡೆಯಾದ ಪೀಟರ್ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಗುಮ್ಮಟದ ಕೆಳಗೆ ಎದುರುಬದುರಾಗಿ, ಬಹಳ ಎತ್ತರದಲ್ಲಿರುವ ಎರಡು ಭಾರಿ ಚಿತ್ರಗಳು ಮಾತ್ರ ಉಳಿದುಕೊಂಡವು. ಬಂಡೆಯಿಂದ ನೀರು ಹೊರಡಿಸುವ ಮೋಶೆ, ರೊಟ್ಟಿ ಮೀನು ಹಂಚುವ ಕ್ರಿಸ್ತ. ಸೆವಿಲ್‌ಗೆ ಅನ್ನ ಮತ್ತು ನೀರು ಉಳಿದವು.

ಕಳೆದುಹೋದ ನಾಲ್ಕರ ಜಾಗದಲ್ಲಿ ಈಗ ಪ್ರತಿಕೃತಿಗಳಿವೆ. ಒಳ್ಳೆಯ ಪ್ರತಿಕೃತಿಗಳೇ. ಆದರೂ ಲಂಡನ್ನಿನಲ್ಲಿ ಮೂಲ ಚಿತ್ರದ ಮುಂದೆ ನಿಂತು ಕ್ರಿಸ್ತನ ನೇರಳೆ ನಿಲುವಂಗಿ, ಚಾಚಿದ ಕೈ, ನೆಲದಲ್ಲಿ ಬಿದ್ದಿರುವ ರೋಗಿಯ ತೆರೆದ ಅಂಗೈಗಳನ್ನು ನೋಡಿದಾಗ ನನಗನ್ನಿಸಿದ್ದು ಒಂದೇ: ಇಲ್ಲಿ ಇದು ಬಹಳ ಚಂದದ ಚಿತ್ರ, ಕಾರಿದಾದ್‌ನಲ್ಲಿ ಇದು ಪಕ್ಕದ ವಾರ್ಡಿನಲ್ಲಿ ಮಾಡಬೇಕಾದ ಕೆಲಸವನ್ನು ತೋರಿಸುತ್ತಿತ್ತು.

ಮುರಿಯೊನ ಸಮಾಧಿಯೂ ಉಳಿಯಲಿಲ್ಲ. ಅವನನ್ನು 1682ರಲ್ಲಿ ಸಾಂತಾ ಕ್ರೂಸ್ ಚರ್ಚಿನಲ್ಲಿ ಹೂಳಿದ್ದರು. ಅದೇ ಫ್ರೆಂಚರು ಆ ಚರ್ಚನ್ನೇ ಕೆಡವಿದರು. ಈಗ ಅಲ್ಲಿರುವುದು ಒಂದು ಚೌಕ, ನಡುವೆ ಕಬ್ಬಿಣದ ಶಿಲುಬೆ.

ಆದರೆ ಕಪುಚಿನ್ ಸನ್ಯಾಸಿಗಳು ಜಾಣರು. ಮುರಿಯೊ 1660ರ ದಶಕದಲ್ಲಿ ತಮ್ಮ ಚರ್ಚಿಗೆ ಬರೆದುಕೊಟ್ಟ ಚಿತ್ರಗಳನ್ನು ಸೈನ್ಯ ಬರುವ ಮುನ್ನವೇ ಕಳಚಿ, ಬ್ರಿಟಿಷರ ಕೈಯಲ್ಲಿದ್ದ ಜಿಬ್ರಾಲ್ಟರ್‌ಗೆ ದಾಟಿಸಿದರು. ಯುದ್ಧ ಮುಗಿದ ಮೇಲೆ ಚಿತ್ರಗಳು ಮರಳಿದವು. ಅವುಗಳನ್ನು ದುರಸ್ತಿ ಮಾಡಿದ ಕಲಾವಿದನಿಗೆ ಕೂಲಿಯ ಬದಲು ನಡುಪೀಠದ ದೊಡ್ಡ ಚಿತ್ರವನ್ನೇ ಕೊಟ್ಟುಬಿಟ್ಟರು. ಅದು ಕೈ ಬದಲಿಸುತ್ತ ಜರ್ಮನಿಯ ಕಲೋನ್ ಸೇರಿತು. ಇದನ್ನು ಓದಿದಾಗ ನನಗೆ ಸಂಕಟವಾಯಿತು, ಆದರೆ ಬರಿಗೈಯ ಸನ್ಯಾಸಿಗಳನ್ನು ದೂರಲು ಮನಸ್ಸು ಬಾರದು.

1835ರಲ್ಲಿ ಸರಕಾರವೇ ಮಠಗಳನ್ನು ಮುಚ್ಚಿಸಿತು. ಮಠಗಳಿಂದ ಬಂದ ಚಿತ್ರಗಳಿಗೆಂದು ಅದೇ ವರ್ಷ ಲಲಿತಕಲಾ ವಸ್ತುಸಂಗ್ರಹಾಲಯ ಹುಟ್ಟಿತು; ಅದಕ್ಕೆ ದೊರೆತ ಕಟ್ಟಡವೂ ಖಾಲಿಯಾದ ಮಠವೇ, ಮೆರ್ಸೆದ್ ಮಠ. ಬೇರೆ ಮಠಗಳಿಂದ ಬಂದ ಬಣ್ಣದ ಹೆಂಚುಗಳು ಅದರ ಅಂಗಳಗಳ ಗೋಡೆಗೆ ಅಂಟಿಕೊಂಡವು. ಕಪುಚಿನ್ನರ ಚಿತ್ರಗಳು ಮಠದ ಹಳೆಯ ಚರ್ಚಿನಲ್ಲೇ, ಬಣ್ಣ ಬಳಿದ ಗುಮ್ಮಟದ ಕೆಳಗೆ ತೂಗುತ್ತಿವೆ. ತಮ್ಮ ಗೋಡೆಯಲ್ಲದಿದ್ದರೂ ದೇವಾಲಯದ ಗೋಡೆ, ಎತ್ತರದ ಜಾಗ. ಮ್ಯೂಸಿಯಂ ಎಂದರೆ ಮೂಗುಮುರಿಯುವ ನಾನೂ ಇದಕ್ಕೆ ತಲೆಬಾಗುತ್ತೇನೆ.

ಅಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಹುಸ್ತಾ ಮತ್ತು ರುಫಿನಾ ಎಂಬ ಸಂತರ ಮುಂದೆ. ಮಡಕೆ ಮಾರುತ್ತಿದ್ದ ಹೆಣ್ಣುಮಕ್ಕಳು, 3ನೇ ಶತಮಾನದಲ್ಲಿ ಹುತಾತ್ಮರಾದವರು. ಕಾಲ ಬಳಿ ಮಣ್ಣಿನ ಪಾತ್ರೆಗಳು, ಇಬ್ಬರ ನಡುವೆ ಕೆಥೆಡ್ರಲ್‌ನ ಗಂಟೆಗೋಪುರ ಹಿರಾಲ್ದಾ. 1504ರ ಭೂಕಂಪದಲ್ಲಿ ಗೋಪುರ ಬೀಳದಂತೆ ಇವರೇ ಹಿಡಿದುಕೊಂಡರೆಂದು ಊರಿನ ನಂಬಿಕೆ. 12ನೇ ಶತಮಾನದ ಕೊನೆಗೆ ಮಸೀದಿಯ ಮಿನಾರಾಗಿ ಎದ್ದು, 1568ರಲ್ಲಿ ಮೇಲೆ ಗಂಟೆಮಾಳಿಗೆ ಹೊತ್ತುಕೊಂಡ ಗೋಪುರವನ್ನು ಮುರಿಯೊ ಮಗುವನ್ನು ಎತ್ತಿಕೊಂಡಂತೆ ಅವರ ಕೈಗೆ ಕೊಟ್ಟಿದ್ದಾನೆ.

ಕಲೋನ್ ಸೇರಿದ್ದ ನಡುಪೀಠದ ಚಿತ್ರ 2016ರಲ್ಲಿ ಹತ್ತು ವರ್ಷಗಳ ಕರಾರಿನ ಮೇಲೆ ಸೆವಿಲ್‌ಗೆ ಬಂತು. ಇಲ್ಲಿಯ ತಜ್ಞರೇ ಅದನ್ನು ಶುಚಿಮಾಡಿ, ಒಡಹುಟ್ಟಿದ ಚಿತ್ರಗಳ ನಡುವೆ ತೂಗುಹಾಕಿದರು. ಹೀಗೆ ಮಾಡಲು ಯಾರೂ ಯಾರ ಆಸ್ತಿಯನ್ನೂ ಕಸಿದುಕೊಳ್ಳಬೇಕಾಗಲಿಲ್ಲ. ಲಂಡನ್, ವಾಷಿಂಗ್ಟನ್, ಒಟ್ಟಾವಾ, ಸೇಂಟ್ ಪೀಟರ್ಸ್‌ಬರ್ಗಿನ ನಾಲ್ಕಕ್ಕೂ ಇಂಥದೇ ಕರಾರು ಆಗಬೇಕು, ಅವು ಕಾರಿದಾದ್‌ನ ತಮ್ಮ ಗೋಡೆಗೇ ಬರಬೇಕು. ಒಂದು ವರ್ಷಕ್ಕಾದರೂ ಸರಿ.