ಮೂಡಲಿಗೆ ಹುಣಸೆ ಮರ, ತೆಂಕಲಿಗೆ ಹಳ್ಳ

ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾವು ಶಾಲೆಯಲ್ಲಿ ಕಲಿತ ಸಂಸ್ಕೃತ ಪದಗಳು. ಕನ್ನಡಕ್ಕೆ ತನ್ನವೇ ನಾಲ್ಕಿವೆ: ಮೂಡಣ, ಪಡುವಣ, ಬಡಗಣ, ತೆಂಕಣ. ಸೂರ್ಯ ಮೂಡುವ ಕಡೆ ಮೂಡಣ. 'ಪಡು' ಅಂದರೆ ಮುಳುಗು, ಹಾಗಾಗಿ ಪಡುವಣ. ನಮ್ಮ ಪಾವಗಡ ಸೀಮೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅವರ 'ಪಡಮರ'ದಲ್ಲಿರುವುದೂ ಅದೇ 'ಪಡು'. ಗಡಿಯ ಆಚೆ ಈಚೆ ಸೂರ್ಯ ಒಬ್ಬನೇ ತಾನೆ!

ತೆಂಕಣಕ್ಕೆ ಹೊಳೆಯೇ ಸಾಕ್ಷಿ. ತಿರುಮಣಿಯವರಿಗೆ ನಾಗಲಮಡಿಕೆಯ ಉತ್ತರ ಪಿನಾಕಿನಿ ಗೊತ್ತು. ಅದೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟುತ್ತವೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಕಡೆಯಿಂದ ಹರಿದು ತಮಿಳುನಾಡು ಸೇರಿದ ಮೇಲೆ 'ತೆನ್‌ಪೆಣ್ಣೈ' ಆಗುತ್ತದೆ. ಆ 'ತೆನ್' ನಮ್ಮ ತೆಂಕಣದ ಬಳಗದ್ದೇ. ಬಡಗಣದಿಂದ, ಅಂದರೆ ಮೈಸೂರು ಸೀಮೆಯಿಂದ, ನೀಲಗಿರಿಗೆ ಹೋದವರು ಬಡಗರಾದರು.

ಈ ಪದಗಳು ಹೆಚ್ಚು ದುಡಿದಿದ್ದು ಹೊಲದಲ್ಲಿ. ದಾನದ ಶಾಸನಗಳಲ್ಲಿ ಭೂಮಿಯ ಎಲ್ಲೆ ಸಾಮಾನ್ಯವಾಗಿ ಮೂಡಲಿಂದ ಶುರುವಾಗಿ ತೆಂಕಲು, ಪಡುವಲು, ಬಡಗಲು ಎಂದು ದೇವರಿಗೆ ಪ್ರದಕ್ಷಿಣೆ ಹಾಕಿದಂತೆ ಸುತ್ತುತ್ತದೆ. ಗುರುತು ಯಾವುದು? ಒಂದು ಬಂಡೆ, ಒಂದು ಹುತ್ತ, ಒಂದು ಹುಣಸೆ ಮರ, ಇಲ್ಲವೇ ಹಳ್ಳ. ಇಂದಿನ ಕ್ರಯಪತ್ರದ ಚಕ್ಕುಬಂದಿ ಅದರ ಮೊಮ್ಮಗ. ಪದಗಳು ಮಾತ್ರ ಸಂಸ್ಕೃತಕ್ಕೆ ತಿರುಗಿವೆ.

2018ರ ಮಾರ್ಚ್ 1ರಂದು ತಿರುಮಣಿಯ ಸೋಲಾರ್ ಪಾರ್ಕ್ ಉದ್ಘಾಟನೆಯಾಯಿತು. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನು ರೈತರದೇ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರು. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ. ಸಮಭಾಜಕದ ಬಡಗಲಿಗಿರುವ ನಮ್ಮ ದೇಶದಲ್ಲಿ, ಅಲುಗಾಡದೆ ನಿಲ್ಲುವ ಫಲಕಗಳನ್ನು ತೆಂಕಣಕ್ಕೆ ವಾಲಿಸಿ ಕೂರಿಸುತ್ತಾರೆ. ನೇಸರನ ಲೆಕ್ಕವೇ ಇಲ್ಲೂ ನಡೆಯುವುದು.

ಆದರೆ ಫಲಕಗಳ ಸಾಲಿನಡಿ ಬದು, ಮರ, ಕಾಲುದಾರಿ ಹುಡುಕಿದರೆ ಎಲ್ಲಿ ಸಿಕ್ಕೀತು? ಸರ್ವೆ ನಂಬರ್ ಕಡತದಲ್ಲಿದೆ, ಅದಕ್ಕೆ ಭಯವಿಲ್ಲ. ನಮಗೆ ಚಿಂತೆ ಇರುವುದು ಪೋಡಿ ಆಗದ ಜಮೀನಿನದು. 'ಹುಣಸೆ ಮರದಿಂದ ಮೂಡಲಿಗೆ ದೊಡ್ಡವನಿಗೆ, ಪಡುವಲಿಗೆ ಚಿಕ್ಕವನಿಗೆ' ಎಂದು ಬಾಯಿಮಾತಲ್ಲೇ ಪಾಲಾದ ಹೊಲಗಳು ನಮ್ಮ ಕಡೆ ಕಡಿಮೆಯೇ? ಗುತ್ತಿಗೆ ಮುಗಿದು ಫಲಕ ಕಿತ್ತ ದಿನ ಆ ಮರ ಎಲ್ಲಿತ್ತು ಎಂದು ತೋರಿಸಬೇಕಾದವರು ಇಂದು ಜಗಲಿಯ ಮೇಲೆ ಕೂತಿರುವ ಅಜ್ಜಂದಿರು. ಅವರನ್ನು ಈಗಲೇ ಕೇಳಿ, ಸರ್ವೆ ನಕ್ಷೆಯ ಪ್ರತಿ ಮೇಲೆ ಪೆನ್ಸಿಲಿನಲ್ಲಾದರೂ ಗುರುತು ಹಾಕಿಕೊಳ್ಳಿ.